ಕೆರೆಗೆ ಗಡಿಯಾರ ಕಟ್ಟಿದ ಯಜಮಾನರು

ಯಜಮಾನರು ತೀರಿಕೊಂಡ ಒಂದು ವಾರಕ್ಕೆ ನಮ್ಮ ಮನೆಗೆ ಇಬ್ಬರು ಬಂದರು. ಅವರ ನೆನಪಿಗೆ ಒಂದು ಪುಸ್ತಿಕೆ ತರುತ್ತಾರಂತೆ. ನನ್ನಷ್ಟು ಹತ್ತಿರದಿಂದ ಅವರನ್ನು ಕಂಡವರು ಇನ್ನಾರೂ ಉಳಿದಿಲ್ಲವಂತೆ. ಎರಡು ಪುಟ ಬರೆದುಕೊಡಬೇಕಂತೆ. ತಲೆಬರಹವನ್ನೂ ಬಂದವರೇ ಹೊತ್ತು ತಂದಿದ್ದರು: 'ಕೆರೆಯ ಭಗೀರಥ'. ನನಗೆ ನಗು ತಡೆಯಲಾಗಲಿಲ್ಲ. ಭಗೀರಥ ನೀರನ್ನು ಮೇಲಿನಿಂದ ಕೆಳಕ್ಕೆ ಇಳಿಸಿದವನು, ನಮ್ಮ ಯಜಮಾನರು ಮೇಲೆಯೇ ಹಿಡಿದಿಟ್ಟುಕೊಂಡವರು ಎಂದೆ. ಬಂದವರು ಕಾಫಿ ಮುಗಿಸಿ ಎದ್ದುಹೋದರು. ಅವರಿಗೆ ಬರೆದುಕೊಡದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಹೇಳುವುದಿಲ್ಲ. ಬದುಕಿದ್ದಾಗ ಶಾಲೆಯ ಬಾಗಿಲಿಗೆ, ದೇವಸ್ಥಾನದ ಗಂಟೆಗೆ, ಕೊನೆಗೆ ದನ ನೀರು ಕುಡಿಯುವ ತೊಟ್ಟಿಗೂ ತಮ್ಮ ಹೆಸರು ಕೆತ್ತಿಸಿಕೊಂಡ ಮನುಷ್ಯ ಅವರು. ಇನ್ನೊಂದು ಕಡೆ ಯಾಕೆ? ಊರಿನಲ್ಲಿ ಎಲ್ಲರೂ ಯಜಮಾನರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ.

ಮದ್ದೂರಿನಿಂದ ಮಳವಳ್ಳಿಯ ಕಡೆ ಹೋಗುವ ದಾರಿಯಿಂದ ಒಳಕ್ಕೆ, ದಿಣ್ಣೆಯ ಮೇಲಿದ್ದ ಊರು. ಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮುಂಚೆ ನಾನು ಅಲ್ಲಿನ ಶಾಲೆಗೆ ಮೇಷ್ಟ್ರಾಗಿ ಹೋದೆ. ಆ ಹೊತ್ತಿಗೆ ಮಂಡ್ಯದ ಸುತ್ತಲಿನ ಊರುಗಳಿಗೆಲ್ಲ ನಾಲೆ ಬಂದು, ಕಬ್ಬು ಬಂದು, ಅಲ್ಲಿನವರು ಕಾಲಿಗೆ ಮೆಟ್ಟು, ತಲೆಗೆ ಪೇಟ ಏರಿಸಿಕೊಂಡು ಮದ್ದೂರು ಸಂತೆಯಲ್ಲಿ ಎದೆಯುಬ್ಬಿಸಿ ಓಡಾಡುತ್ತಿದ್ದರು. ನಮ್ಮ ಊರಿಗೆ ನಾಲೆ ಏರಲಿಲ್ಲ. ಕೆಳಗೆ ಎರಡು ಮೈಲಿ ದೂರದಲ್ಲಿ ಹರಿದುಹೋಯಿತು. ನಮಗೆ ಇದ್ದದ್ದು ಹಿಂದಿನವರು ಕಟ್ಟಿದ ಒಂದು ಕೆರೆ, ಒಂದು ತೂಬು, ತೂಬಿನಿಂದ ಹೊರಟು ಗದ್ದೆಗಳ ನಡುವೆ ಇಳಿದುಹೋಗುವ ಒಂದು ಕಾಲುವೆ.

ಕೆರೆ ಚಿಕ್ಕದಾದರೂ ಅದರ ಕಟ್ಟುಪಾಡು ಚಿಕ್ಕದಾಗಿರಲಿಲ್ಲ. ಮಳೆ ಕಡಿಮೆಯಾದ ವರ್ಷ ನೀರನ್ನು ಸರದಿಯ ಮೇಲೆ ಬಿಡುತ್ತಿದ್ದರು. ಬಿಡುವವನು ನೀರುಗಂಟಿ ಮಾದಯ್ಯ. ಅವನ ಅಪ್ಪನೂ ಅಜ್ಜನೂ ಅದೇ ಕೆಲಸ ಮಾಡಿದವರು. ನೀರುಗಂಟಿಗೆ ಊರು ಕೊಟ್ಟಿದ್ದ ಮಾನ್ಯದ ಗದ್ದೆ ಕಾಲುವೆಯ ಕಟ್ಟಕಡೆಯಲ್ಲಿತ್ತು. ಮೊದಲು ನನಗೆ ಇದು ಅನ್ಯಾಯವೆನ್ನಿಸಿತ್ತು. ಮಾದಯ್ಯನೇ ಬಿಡಿಸಿ ಹೇಳಿದ: "ನಂಗೆ ತೂಬಿನ್ ತಾವೇ ಗದ್ದೆ ಕೊಟ್ಬುಟ್ಟಿದ್ರೆ ನನ್ ಒಟ್ಟೆ ತುಂಬ್ತಿದ್ದಂಗೇ ಮನಿಕ್ಕೋತಿದ್ದೆ ಕಣ್ ಮೇಷ್ಟ್ರೆ. ಈಗ ಎಲ್ಲಾರ್ ಗದ್ದೆ ದಾಟಿ ನೀರು ಕೆಳೀಕ್ ಓದ್ರೇನೆ ನಂಗೂ ಅನ್ನ."

ಅಳತೆಗೆ ಒಂದು ಗಳಿಗೆ ಬಟ್ಟಲು. ಅಡಿಯಲ್ಲಿ ಸೂಜಿಯಷ್ಟು ತೂತಿದ್ದ ತಾಮ್ರದ ಬಟ್ಟಲು. ನೀರು ತುಂಬಿದ ಮಡಕೆಯಲ್ಲಿ ತೇಲಿಬಿಟ್ಟರೆ ಒಂದು ಗಳಿಗೆಗೆ, ಅಂದರೆ ಇಪ್ಪತ್ನಾಲ್ಕು ನಿಮಿಷಕ್ಕೆ, ಸರಿಯಾಗಿ ಮುಳುಗುತ್ತಿತ್ತು. ಒಬ್ಬೊಬ್ಬರ ಗದ್ದೆಗೆ ಇಷ್ಟಿಷ್ಟು ಬಟ್ಟಲು ಎಂದು ಗೊತ್ತು. ಕೊನೆಯ ಗದ್ದೆಗೆ ಐದು. ಮಾದಯ್ಯ ಮಡಕೆಯನ್ನು ಆಯಾ ಗದ್ದೆಯ ಬದುವಿಗೇ ಹೊತ್ತುಕೊಂಡು ಹೋಗಿ ಕೂರುತ್ತಿದ್ದ. ಕಾಲುವೆಯಲ್ಲಿ ನೀರು ನಡೆದು ಬಂದು ಬದುವನ್ನು ಮುಟ್ಟಿದ ಮೇಲೆಯೇ ಬಟ್ಟಲು ಬಿಡುವುದು. ನೀರು ದಾರಿಯಲ್ಲಿ ಕಳೆದ ಹೊತ್ತನ್ನು ಯಾರ ತಲೆಗೂ ಕಟ್ಟುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಕಾಲುವೆಯ ಹೂಳು ತೆಗೆಯುವುದಕ್ಕೂ ಇಂಥದೇ ಒಂದು ಪದ್ಧತಿ. ಮನೆಗೊಂದು ಆಳು ಗುದ್ದಲಿ ಹಿಡಿದು ಬರಬೇಕು, ಕೆಲಸ ಕೊನೆಯ ಗದ್ದೆಯಿಂದ ಶುರುವಾಗಿ ತೂಬಿನ ಬಳಿ ಮುಗಿಯಬೇಕು. ಮೇಲಿನವರು ತಮ್ಮ ಗದ್ದೆಯ ಮುಂದೆ ಕೆರೆದು ಜಾಗ ಖಾಲಿ ಮಾಡುವ ಹಾಗಿರಲಿಲ್ಲ. ಓದು ಬರಹ ಬಾರದವರು ಯಾವತ್ತೋ ಕೂತು ಮಾಡಿದ ಏರ್ಪಾಡು ಇದು. ಇದನ್ನು ಕೆಡಿಸುವುದಕ್ಕೆ ಬುದ್ಧಿವಂತರೇ ಬೇಕಾಯಿತು.

ಯಜಮಾನರ ಗದ್ದೆ ತೂಬಿನಿಂದ ಕೂಗಳತೆಯಲ್ಲಿತ್ತು. ಒಳ್ಳೆಯ ಎತ್ತರ, ಕಿವಿಯಲ್ಲಿ ಒಂಟಿ, ಊರಿಗೆಲ್ಲ ಕೇಳುವ ಗಂಟಲು. ಊರಿನಲ್ಲಿ ಯಾವ ಒಳ್ಳೆಯದಾದರೂ ಅದು ಅವರು ಹೇಳಿದ್ದರಿಂದಲೇ ಆದದ್ದು. ಮಳೆ ಬಂದರೆ ಜಗುಲಿಯ ಮೇಲೆ ಕಾಲು ಚಾಚಿ, "ನಾನ್ ಯೋಳ್ನಿಲ್ವಾ?" ಎನ್ನುತ್ತಿದ್ದರು. ಬರದಿದ್ದರೂ "ನಾನ್ ಯೋಳ್ನಿಲ್ವಾ?" ಅಮಲ್ದಾರರ ಎದುರಿಗೆ 'ನಮ್ಮ ಕೆರೆ', ಅವರ ಕುದುರೆಗಾಡಿ ಊರ ಬಾಗಿಲು ದಾಟಿದರೆ 'ನನ್ನ ಕೆರೆ'. ಯಾರಾದರೂ ಎದುರಾಡಿದರೆ ಕಣ್ಣಲ್ಲಿ ನೀರು ತಂದುಕೊಂಡು, "ಊರಿಗೋಸ್ಕರ ಜೀವ ತೇಯ್ತಿವ್ನಿ ಕಣ್ರಪ್ಪಾ" ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ಆ ಕಣ್ಣೀರು ಸುಳ್ಳಲ್ಲ. ತಮ್ಮ ಬಗ್ಗೆ ಅವರಿಗೆ ನಿಜವಾಗಿಯೂ ಮರುಕವಿತ್ತು.

ಒಂದು ಸಂತೆಯ ದಿನ ಅವರು ಮದ್ದೂರಿನಿಂದ ಜೇಬಿನ ಗಡಿಯಾರ ಕೊಂಡು ತಂದರು. ಕೊಳ್ಳುವಾಗ ನಾನೂ ಜೊತೆಗಿದ್ದೆ. ಅಂಗಡಿಯ ಸಾಬರು ಗಡಿಯಾರ ರಿಪೇರಿಯಲ್ಲಿ ತಲೆ ನರೆಸಿಕೊಂಡವರು. ಯಾತಕ್ಕೆ ಅಂತ ಕೇಳಿದರು. ಕೆರೆ ನೀರು ಹಂಚೋಕೆ ಎಂದರು ಯಜಮಾನರು. ಸಾಬರು ಕಣ್ಣಿನ ಭೂತಗನ್ನಡಿ ತೆಗೆದು ನಮ್ಮಿಬ್ಬರನ್ನೂ ನೋಡಿ, "ಗೌಡ್ರೆ, ನೀರು, ಮಣ್ಣು ಎರಡೂ ಇದಕ್ಕೆ ದುಶ್ಮನ್. ಗದ್ದೆ ಹತ್ರ ಮಾತ್ರ ತಗೊಂಡ್ ಹೋಗ್ಬೇಡಿ" ಎಂದರು. ಈ ಮಾತನ್ನು ಯಜಮಾನರು ವೇದವಾಕ್ಯವೆಂದು ಹಿಡಿದರು. ಮುಂದಿನ ಅನರ್ಥವೆಲ್ಲ ಹುಟ್ಟಿದ್ದು ಅಲ್ಲಿಂದ.

ಮಾರನೆಯ ದಿನ ಕೆರೆಯ ಏರಿಯ ಮೇಲೆ ಊರನ್ನು ಕೂಡಿಸಿದರು. ಸರ್ಕಾರದ ರೈಲು ಗಡಿಯಾರದ ಮೇಲೆ ಓಡುತ್ತೆ, ಸಕ್ಕರೆ ಕಾರ್ಖಾನೆ ಗಡಿಯಾರದ ಮೇಲೆ ಓಡುತ್ತೆ, ನಾವು ಮಾತ್ರ ತೂತು ಬಟ್ಟಲು ಹಿಡಿದುಕೊಂಡು ಕೂತಿದ್ದೇವೆ ಎಂದು ಭಾಷಣ. ಐದು ಬಟ್ಟಲು ಎಂದರೆ ಎರಡು ಗಂಟೆ. ಲೆಕ್ಕ ಸರಿಯೋ ತಪ್ಪೋ ಮೇಷ್ಟ್ರೇ ಹೇಳಲಿ ಎಂದರು. ಸರಿ ಎಂದೆ. ಲೆಕ್ಕ ಸರಿಯಾಗಿಯೇ ಇತ್ತು. ಗಡಿಯಾರವನ್ನು ಕೆಸರಿಗೆ ಒಯ್ಯುವ ಹಾಗಿಲ್ಲವಾದ್ದರಿಂದ ಇನ್ನು ಹೊತ್ತು ನೋಡುವುದು ಏರಿಯ ಮೇಲೆ, ಹೊಂಗೆ ಮರದ ನೆರಳಲ್ಲಿ. ಅಂದರೆ ತೂಬಿನಿಂದ ನೀರು ಹೊರಟ ಗಳಿಗೆಯಿಂದಲೇ ಗಂಟೆ ಶುರು.

ಮಾದಯ್ಯ ಕೈಕಟ್ಟಿಕೊಂಡು ದೂರ ನಿಂತಿದ್ದ. "ಬುದ್ಧಿ, ಕಡೇ ಗದ್ದೆಗೆ ನೀರು ನಡ್ದ್ ಓಗಕ್ಕೇ ಒಂದ್ ಗಂಟೆ ಆಯ್ತದೆ. ಅದ್ಯಾರ್ ಲೆಕ್ಕುಕ್ಕೆ?"

"ನೀರು ನಡ್ಯೋದು ನೀರಿನ್ ಕೆಲ್ಸ ಕಣ್ಲಾ. ಗಡಿಯಾರುಕ್ಕೂ ಅದುಕ್ಕೂ ಏನ್ಲಾ ಸಂಬಂಧ?" ಎಂದರು ಯಜಮಾನರು. ಮೇಲಿನ ಗದ್ದೆಯವರು ನಕ್ಕರು. ಅವರ ಗದ್ದೆಗಳಿಗೆ ನೀರು ನಾಲ್ಕು ಹೆಜ್ಜೆ ನಡೆದರೆ ಸಾಕಿತ್ತು.

ಇಲ್ಲಿ ನನ್ನ ವಿಷಯವನ್ನೂ ಹೇಳಿಬಿಡಬೇಕು. ನಾನು ಮದುವೆಯಾಗದ ಮೇಷ್ಟ್ರು, ಎರಡು ಹೊತ್ತಿನ ಊಟ ಯಜಮಾನರ ಮನೆಯಲ್ಲಿ. ಮುದ್ದೆ, ಉಪ್ಪುಸಾರು, ಹಬ್ಬಕ್ಕೆ ಒಬ್ಬಟ್ಟು. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆಯನ್ನು ಹೇಡಿಗಳು ಎಷ್ಟು ಚೆನ್ನಾಗಿ ಬಳಸಿಕೊಳ್ಳುತ್ತಾರೆ ಎಂಬುದಕ್ಕೆ ನಾನೇ ಸಾಕ್ಷಿ. ಸಾಲದ್ದಕ್ಕೆ ಯಜಮಾನರಿಗೆ ಗಡಿಯಾರ ನೋಡಲು ಕಲಿಸಿದವನೂ ನಾನೇ. ದೊಡ್ಡ ಮುಳ್ಳು ಅವರಿಗೆ ಕೊನೆಯವರೆಗೂ ಒಲಿಯಲಿಲ್ಲ. ಕೀಲಿ ಕೊಡುವ, ಮುಳ್ಳು ತಿರುಗಿಸುವ ಕೆಲಸವಂತೂ ಅವರ ದಪ್ಪ ಬೆರಳಿಗೆ ಆಗುವಂತಿರಲಿಲ್ಲ. ನಾನು ಸಂತೆಗೆ ಹೋದಾಗಲೆಲ್ಲ ಮದ್ದೂರು ಸ್ಟೇಷನ್ನಿನ ಗಡಿಯಾರದ ಜೊತೆ ಅದನ್ನು ತಾಳೆ ನೋಡಿ, ಮುಳ್ಳು ಸರಿಮಾಡಿ ತರಬೇಕೆಂದು ಕಟ್ಟಪ್ಪಣೆಯಾಗಿತ್ತು.

ಮೊದಲ ಎರಡು ವರ್ಷ ಮಳೆ ಚೆನ್ನಾಗಿ ಬಂದು ಕೆರೆ ಕೋಡಿ ಬಿತ್ತು. ಸರದಿಯ ಮಾತೇ ಬರಲಿಲ್ಲ. ಯಜಮಾನರು ಇದಕ್ಕೂ ಗಡಿಯಾರವೇ ಕಾರಣವೆಂದರು. ಯುದ್ಧದ ಮೂರನೆಯ ವರ್ಷ ಮುಂಗಾರು ನಡುವೆಯೇ ಕೈಕೊಟ್ಟಿತು. ಭತ್ತ ಹೊಡೆಗೆ ಬರುವ ಹೊತ್ತಿಗೆ, ಅಂದರೆ ತೆನೆ ಇನ್ನೂ ಒಳಗೇ ಕಟ್ಟಿಕೊಳ್ಳುವ ಹೊತ್ತಿಗೆ, ಕೆರೆಯಲ್ಲಿ ಮೊಣಕಾಲುದ್ದ ನೀರು. ಎಂಟು ದಿನಕ್ಕೊಂದು ಸರದಿ ಎಂದು ತೀರ್ಮಾನವಾಯಿತು.

ಆ ವಾರ ಗಡಿಯಾರ ಯಜಮಾನರ ಬಳಿಯೇ ಬೇಕಿತ್ತಾದ್ದರಿಂದ ನಾನು ಬರಿಗೈಯಲ್ಲಿ ಸಂತೆಗೆ ಹೋಗಿದ್ದೆ. ಹೊತ್ತು ಕೇಳಿಕೊಂಡು ಬರೋಣವೆಂದು ಸ್ಟೇಷನ್ನಿಗೆ ಹೋದರೆ ಅಲ್ಲಿ ಗಲಾಟೆ. ಯುದ್ಧದ ನಿಮಿತ್ತ ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ಇಡಿಸಿದೆಯಂತೆ. ಅರ್ಧ ಜನಕ್ಕೆ ರೈಲು ತಪ್ಪಿಹೋಗಿತ್ತು. ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಹಿಡಿದು, ಕೈಮರದ ಬಳಿ ಇಳಿದು, ಬಿಸಿಲಲ್ಲಿ ನಡೆದು ನೇರವಾಗಿ ಏರಿಗೆ ಬಂದೆ. ಹೊಸ ಸುದ್ದಿ ತಂದವನ ಉತ್ಸಾಹ ನನಗೆ.

ಯಜಮಾನರು ಹೊಂಗೆ ಮರದಡಿ ಚಾಪೆಯ ಮೇಲೆ ಕೂತಿದ್ದರು. ಗಡಿಯಾರದಲ್ಲಿ ಎರಡು ಹೊಡೆದು ಐದು ನಿಮಿಷ. ಎರಡರಿಂದ ನಾಲ್ಕು ಕೊನೆಯ ಗದ್ದೆಯ ಸರದಿ, ನಾಲ್ಕರ ಮೇಲೆ ಯಜಮಾನರದು. ಮಾದಯ್ಯ ತೂಬಿನ ಬಳಿ ನಿಂತಿದ್ದ. ಅವನ ಹೆಂಡತಿ ಕೆಂಪಮ್ಮ ಕಾಲುವೆಯಲ್ಲಿ ನೀರಿನ ಮುಂದೆ ಮುಂದೆ ನಡೆಯುತ್ತ, ಕಸಕಡ್ಡಿ ಎತ್ತಿಹಾಕುತ್ತ ಕೆಳಗೆ ಇಳಿಯುತ್ತಿದ್ದಳು. ನಾನು ಸುದ್ದಿ ಹೇಳಿದೆ.

ಯಜಮಾನರು ಎದ್ದು ನಿಂತರು. ಸರ್ಕಾರದ ಆಜ್ಞೆ ಎಂದರೆ ಅವರಿಗೆ ಎದ್ದು ನಿಲ್ಲುವಂಥದು. "ಹಂಗಾರೆ ಇನ್ಯಾಕ್ ತಡ ಮೇಷ್ಟ್ರೆ? ತಿರುಗ್ಸಿ ಮುಳ್ಳ."

"ಈ ಸರದಿ ಮುಗೀಲಿ. ಆಮೇಲೆ ತಿರುಗಿಸೋಣ" ಎಂದೆ. ಅಷ್ಟನ್ನಾದರೂ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಮಾಡಿಕೊಂಡಿದ್ದೇನೆ.

"ಸರ್ಕಾರದ್ ಟೈಮು ಒಂದು, ನಮ್ ಟೈಮು ಒಂದಾ? ನಾಳೀಕೆ ಯಾರಾದ್ರೂ ಅಮಲ್ದಾರ್ರಿಗೆ ಅರ್ಜಿ ಆಕುದ್ರೆ ನೀವ್ ಬತ್ತೀರಾ ಜೈಲ್ಗೆ?"

ಗಡಿಯಾರ ನನ್ನ ಕೈಗೆ ಬಂತು. ನಾನು ಮುಳ್ಳು ತಿರುಗಿಸಿದೆ. ಎರಡೂ ಐದು ಇದ್ದದ್ದು ಮೂರೂ ಐದಾಯಿತು. ಬೆರಳಿಗೆ ಏನೂ ಭಾರ ತಾಗಲಿಲ್ಲ.

ಗಡಿಯಾರದಲ್ಲಿ ನಾಲ್ಕು ಆಗುವ ಹೊತ್ತಿಗೆ ಸರಿಯಾಗಿ ಕೆಳಗಿನಿಂದ ಕೆಂಪಮ್ಮನ ಕೂಗು ಕೇಳಿಸಿತು. "ಬಂತೂ... ಬಂತೂ..." ನೀರು ಕೊನೆಯ ಬದುವನ್ನು ಆಗ ತಾನೇ ಮುಟ್ಟಿತ್ತು.

ಯಜಮಾನರು ಗಡಿಯಾರ ನೋಡಿ, "ಲೇ ಮಾದಾ, ಟೈಮಾಯ್ತು. ಕಟ್ಟೆ ಆಕ್ಲಾ, ನಂ ಗದ್ದೆಗೆ ತಿರುಗ್ಸು" ಎಂದರು.

"ಬುದ್ಧಿ, ಈಗ್ ತಾನೆ ನೀರು ಮುಟ್ಟೈತೆ. ವಸಿ ತಡೀರಿ. ಹೊಡೆ ಟೇಮು."

"ನಾನೇನ್ಲಾ ಮಾಡ್ಲಿ? ನಾನ್ ಮುಂದುಕ್ ಇಟ್ನಾ? ಸರ್ಕಾರ ಇಡ್ತು."

"ಆ ಒಂದ್ ಗಂಟೆ ಎಲ್ಲೋಯ್ತು ಬುದ್ಧಿ?"

ಯಜಮಾನರು ನನ್ನ ಕಡೆ ತಿರುಗಿ, "ಮೇಷ್ಟ್ರೆ, ನೀವೇ ತಿಳ್ಸಿ ಯೋಳಿ" ಎಂದರು. ನಾನು ಯುದ್ಧ, ವೈಸರಾಯರು, ರೈಲು ಎಂದು ಏನೋ ಹೇಳಿದೆ. ಮಾದಯ್ಯ ಪೂರ್ತಿ ಕೇಳಿಸಿಕೊಂಡ. ಆಮೇಲೆ ಗುದ್ದಲಿ ತೆಗೆದುಕೊಂಡು ಹೋಗಿ, ತನ್ನ ಗದ್ದೆಗೆ ಹೋಗುತ್ತಿದ್ದ ನೀರಿಗೆ ತಾನೇ ಮಣ್ಣುಹೆಂಟೆ ಒಟ್ಟಿ, ಯಜಮಾನರ ಗದ್ದೆಯ ಬಾಯಿ ತೆರೆದ. ನೀರುಗಂಟಿಯ ಕೆಲಸ ಬೇರೆ ಯಾರೂ ಮಾಡುವ ಹಾಗಿರಲಿಲ್ಲ. ಕೆಳಗೆ ಕೆಂಪಮ್ಮ ಇನ್ನೂ "ಬಂತೂ" ಎನ್ನುತ್ತಲೇ ಇದ್ದಳು. ಕಾಲುವೆಯಲ್ಲಿ ಉಳಿದ ನೀರು ಗದ್ದೆಯ ಬಿರುಕುಗಳಿಗೇ ಸಾಲಲಿಲ್ಲ.

ಮುಂದಿನ ಸರದಿ ಬರುವ ಹೊತ್ತಿಗೆ ಕೊನೆಯ ಗದ್ದೆ ನೀರು ಕಂಡು ಹದಿನಾರು ದಿನವಾಗಿತ್ತು. ಆ ವರ್ಷ ಕೊನೆಯ ಗದ್ದೆಯಲ್ಲಿ ಬೆಳೆದದ್ದೆಲ್ಲ ಜೊಳ್ಳು. ಯಜಮಾನರು ದೊಡ್ಡ ಮನಸ್ಸು ಮಾಡಿ ಮಾದಯ್ಯನ ಮನೆಗೆ ಒಂದು ಮೂಟೆ ಭತ್ತ ಕಳಿಸಿದರು. ಕಳಿಸಿದ್ದನ್ನು ಊರಿಗೆಲ್ಲ ಹೇಳಿದರು. ಮೂಟೆ ಹೊತ್ತವನು ಹಾಗೇ ಹೊತ್ತು ವಾಪಸು ಬಂದ. ಅದನ್ನು ಮಾತ್ರ ಹೇಳಲಿಲ್ಲ.

ಮಾದಯ್ಯ ಯುಗಾದಿಯವರೆಗೆ ಕಾದು, ನೀರುಗಂಟಿಕೆ ಬಿಟ್ಟು ಶಿವನಸಮುದ್ರಕ್ಕೆ ಹೋದ. ಅಲ್ಲಿ ಕರೆಂಟು ತಯಾರಿಸುವ ಕಡೆ ಕೂಲಿ ಕೆಲಸ. ಕೆಂಪಮ್ಮ ಹೋಗಲಿಲ್ಲ. ಮಾನ್ಯದ ಗದ್ದೆ ಕೆಲಸಕ್ಕೆ ಕೊಟ್ಟದ್ದು, ಕೆಲಸ ಬಿಟ್ಟ ಮೇಲೆ ಬೀಳು ಬಿದ್ದರೆ ಊರು ವಾಪಸು ತೆಗೆದುಕೊಳ್ಳಬಹುದೆಂಬ ಭಯ ಅವಳಿಗೆ. ಹೇಗಾದರೂ ಅದರಲ್ಲಿ ಒಂದು ಬೆಳೆ ನಿಲ್ಲಿಸಿ, ಗಂಡನನ್ನು ಊರಿಗೆ ಕರೆಸಿಕೊಳ್ಳಬೇಕೆಂದು ಒಬ್ಬಳೇ ದುಡಿಯುತ್ತಿದ್ದಳು. ನೀರುಗಂಟಿಯ ಜಾಗಕ್ಕೆ ಯಜಮಾನರು ತಮ್ಮ ಮನೆಯ ಆಳನ್ನು ಹಾಕಿದರು. ಅವನಿಗೆ ಕೆಳಗೆ ಗದ್ದೆಯಿರಲಿಲ್ಲ. ತೂಬು ತೆಗೆದು ಮರದಡಿ ಮಲಗುತ್ತಿದ್ದ.

ಹೂಳು ತೆಗೆಯುವ ಕಾಲ ಬಂತು. ಅದಕ್ಕೂ ಯಜಮಾನರದು ಹೊಸ ಏರ್ಪಾಡು. ಅಮಲ್ದಾರರು ಬಂದು ಮೊದಲ ಗುದ್ದಲಿ ಹಾಕುತ್ತಾರೆ, ಮಂಡ್ಯದಿಂದ ಫೋಟೋದವನು ಬರುತ್ತಾನೆ. ಅಮಲ್ದಾರರನ್ನು ಮುಕ್ಕಾಲು ಮೈಲಿ ಕೆಸರಿನಲ್ಲಿ ಕೊನೆಯ ಗದ್ದೆಗೆ ನಡೆಸಲಾಗುತ್ತದೆಯೇ? ಕೆಲಸ ತೂಬಿನಿಂದ ಶುರುವಾಯಿತು. ಫೋಟೋ ತೆಗೆದಾಯಿತು. ಯಜಮಾನರ ಗದ್ದೆ ದಾಟುತ್ತಿದ್ದಂತೆ ಮೇಲಿನವರು ಒಬ್ಬೊಬ್ಬರಾಗಿ ಗುದ್ದಲಿ ಹೆಗಲಿಗೇರಿಸಿ ಮನೆಗೆ ಹೋದರು. ಕೆಳಗಿನ ಗದ್ದೆಯವರು ಬಂದಿರಲೇ ಇಲ್ಲ. ಕರೆಯಲು ಹೋದ ನನಗೆ ಅವರಲ್ಲಿ ಒಬ್ಬ, "ನೀರಿಲ್ದಿರೋ ಕಾಲ್ವೆ ಮಣ್ಣ ನಾವ್ಯಾಕ್ ಒರ್ಬೇಕು ಮೇಷ್ಟ್ರೆ? ಗಡಿಯಾರುಕ್ಕೇ ಯೋಳಿ, ತೆಗೀತದೆ" ಎಂದ. ಮುಂದಿನ ವರ್ಷವೂ ಹಾಗೇ, ಅದರ ಮುಂದಿನ ವರ್ಷವೂ ಹಾಗೇ. ಯಜಮಾನರ ಜಗುಲಿಯ ಗೋಡೆಯಲ್ಲಿ ಮೂರು ಫೋಟೋಗಳಾದವು.

ಯುದ್ಧ ಮುಗಿಯಿತು. ಸರ್ಕಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತದೆ ಎಂದು ಸುದ್ದಿ ಬಂತು. ಅಂದು ಸಂಜೆಯೇ ಕೆಂಪಮ್ಮ ಯಜಮಾನರ ಜಗುಲಿಯ ಮುಂದೆ ಬಂದು ನಿಂತಳು. ಆ ವರ್ಷ ಮುಂಗಾರು ಚೆನ್ನಾಗಿತ್ತೆಂದು ಆಸೆಪಟ್ಟು ಭತ್ತ ನಾಟಿ ಮಾಡಿದ್ದಳು. ಮಳೆ ನೀರಿನಲ್ಲೇ ಹೊಡೆಯವರೆಗೆ ಬಂದಿತ್ತು. ಇನ್ನೊಂದು ನೀರು ಸಿಕ್ಕರೆ ಸಾಕಿತ್ತು.

"ಬುದ್ಧಿ, ಅವತ್ತು ನಮ್ ಸರದೀಲಿ ಓದ್ ಗಂಟೆ ಈಗ ವಾಪಸ್ ಬತ್ತದಂತಲ್ಲ. ಅದು ನಮ್ದು. ಕೊಟ್ಬುಡಿ."

ಅವರು ರೇಗುತ್ತಾರೆಂದುಕೊಂಡಿದ್ದೆ. ಅವರ ಮುಖ ಅರಳಿತು. ಧರ್ಮಪ್ರಭುವಾಗಲು ಇಂಥ ಅವಕಾಶ ಮತ್ತೆ ಸಿಕ್ಕೀತೆ? "ನಿಂದು ಅಂದ್ಮೇಲೆ ನಿಂದೇ ಕಣಮ್ಮಿ! ಊರೆಲ್ಲಾ ನೋಡ್ಲಿ" ಎಂದರು. ನನಗೂ, ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಯಾಯಿತು. ಇದೇ ಬೆರಳಿನಿಂದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ನನ್ನ ಪಾಪವೂ ತಿರುಗುತ್ತದೆ ಎಂದುಕೊಂಡೆ.

ಕೊನೆಯ ಗದ್ದೆಯ ಸರದಿಯ ದಿನ ಏರಿಯ ಮೇಲೆ ಊರು ಸೇರಿತು. ಮಾವಿನ ತೋರಣ ಕಟ್ಟಿದ್ದರು. ಯಜಮಾನರು ಪೇಟ ಇಟ್ಟುಕೊಂಡು ಬಂದು ಮಾತಾಡಿದರು: ಕೆರೆ ಎಂದರೆ ಎಲ್ಲರದು, ಬಡವನ ಹನಿ ನೀರೂ ತಮಗೆ ಗೋಮಾಂಸಕ್ಕೆ ಸಮಾನ, ತಾವು ಇರುವವರೆಗೆ ಈ ಊರಿನಲ್ಲಿ ಅನ್ಯಾಯ ನಡೆಯದು. ತೂಬು ತೆಗೆಸಿದರು. ನಾನು ಎಲ್ಲರ ಎದುರಿಗೆ ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ಇಟ್ಟೆ. ಕೊನೆಯ ಗದ್ದೆಗೆ ಮೂರು ಗಂಟೆ ನೀರು.

ಕೆಂಪಮ್ಮ ನೀರಿನ ಮುಂದೆ ನಡೆದಳು. ಯಜಮಾನರ ಗದ್ದೆಯವರೆಗೆ ನೀರು ಓಡಿತು. ಅದರಾಚೆ ಕಾಲುವೆ ಎಲ್ಲಿತ್ತು? ಮೂರು ವರ್ಷದ ಹೂಳು ಬದುವಿನ ಸಮಕ್ಕೆ ಏರಿ, ಮೇಲೆ ಜೊಂಡು ಆಳೆತ್ತರ ಬೆಳೆದಿತ್ತು. ನೀರು ಅಲ್ಲಿ ನಿಂತು, ಅಗಲಕ್ಕೆ ಹರಡಿ, ಪಕ್ಕದ ಹಳ್ಳಕ್ಕೆ ಜಾರತೊಡಗಿತು. ಕೆಂಪಮ್ಮ ಮೊದಲು ಗುದ್ದಲಿಯಿಂದ, ಆಮೇಲೆ ಎರಡೂ ಕೈಯಿಂದ ಕೆಸರು ಬಗೆದಳು. ನಾನು ಗಡಿಯಾರವನ್ನು ಯಜಮಾನರ ಕೈಗಿಟ್ಟು ಇಳಿದುಹೋಗಿ ಬಗೆದೆ. ಕೆಳಗಿನ ಗದ್ದೆಯ ನಾಲ್ಕು ಜನವೂ ಬಂದರು. ಊರೆಲ್ಲ ಕೂಡಿ ಎಂಟು ದಿನ ಮಾಡುವ ಕೆಲಸ ಅದು. ಮೂರು ಗಂಟೆಗೆ ನಾವು ಹತ್ತು ಮಾರು ಬಿಡಿಸಿದ್ದೆವು.

ಏರಿಯ ಮೇಲಿನಿಂದ ಯಜಮಾನರ ಗಂಟಲು ಕೇಳಿಸಿತು. "ಟೈಮಾಯ್ತು! ತೂಬು ಮುಚ್ರಪ್ಪಾ!" ಅಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಕೆಂಪಮ್ಮ ಕೆಸರಿನಲ್ಲೇ ಕೂತಿದ್ದಳು. "ಗಂಟೆ ಬಂತು ಮೇಷ್ಟ್ರೆ. ನೀರ್ ಬರ್ನಿಲ್ಲ" ಎಂದಳು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ನಾನು ಯಜಮಾನರ ಜಗುಲಿಯಲ್ಲಿ ರೊಟ್ಟಿ ತಿನ್ನುತ್ತ ಕೂತಿದ್ದಾಗ ಅವಳು ಒಂದು ಹಿಡಿ ಭತ್ತದ ತೆನೆ ತಂದು ಮೆಟ್ಟಿಲ ಮೇಲಿಟ್ಟಳು. "ನೀವ್ ಕೊಟ್ ಗಂಟೆ ಬೆಳೆ ಬುದ್ಧಿ" ಎಂದಳು. ನಿಲ್ಲದೆ ಶಿವನಸಮುದ್ರದ ದಾರಿ ಹಿಡಿದಳು. ಬೆನ್ನ ಮೇಲೆ ಗಂಟು ಇತ್ತು.

ಯಜಮಾನರ ಕಣ್ಣು ತುಂಬಿ ಬಂತು. "ನೋಡುದ್ರಾ ಮೇಷ್ಟ್ರೆ? ಉಪಕಾರ್ದ ನೆಪ್ಪು ಅಂದ್ರೆ ಇದು. ಮೊದ್ಲು ತೆನೇನ ನಂಗೇ ತಂದ್ ಮಡಗ್ಬುಟ್ಟು ಓದ್ಲು." ಆಳನ್ನು ಕೂಗಿ ಆ ತೆನೆಗಳನ್ನು ತಲೆಬಾಗಿಲ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಕಟ್ಟಿಸಿದರು. ಕಾಳಿರುವ ತೆನೆ ಬಾಗುತ್ತದೆ ಎಂಬುದನ್ನು ಒಕ್ಕಲು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಅವು ಬೆಳ್ಳಗೆ, ನೆಟ್ಟಗೆ ನಿಂತಿದ್ದವು. ಗುಬ್ಬಿಗಳು ಒಂದು ದಿನ ಬಂದು ಕೊಕ್ಕಿಟ್ಟು ನೋಡಿ, ಮತ್ತೆ ಆ ಬಾಗಿಲಿಗೆ ಬರಲಿಲ್ಲ.